ಎಲ್ಲರಿಗೂ ಹೇಳು

"ಮೇಡಂ, ಇದಕ್ಕೆ ಸುಳ್ಳು ಹೇಳೋದಕ್ಕೆ ಬರಲ್ಲ," ಎನ್ನುತ್ತಾ ಸ್ಪೀಕರಿನವನು ಬೈಂಡಿಂಗ್ ಕೋಣೆಯ ಮೂಲೆಯಿಂದ ತಾನೇ ಮಾರಿದ್ದ ಆ ದುಂಡನೆಯ ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಟ್ಟ. "ಯಾರು ಯಾವಾಗ ಏನಂದ್ರು, ಯಾರು ಯಾವಾಗ ಮುಟ್ಟಿದ್ರು, ಎಲ್ಲಾ ಬರೆದಿಟ್ಕೊಂಡಿರುತ್ತೆ."

"ಸುಳ್ಳು ಹೇಳೋ ಕೆಲಸಕ್ಕೆ ಮನೆಯವರಿದ್ದಾರಲ್ಲ, ಸಾಕು," ಎಂದಳು ಇನ್‌ಸ್ಪೆಕ್ಟರ್. "ತೆಗೀರಿ ಅದರ ದಿನಚರಿ."

ಇದೇ ಕೋಣೆಯಲ್ಲಿ, ಹೊಲಿಗೆ ಅರ್ಧಕ್ಕೆ ನಿಂತ ಪುಸ್ತಕವೊಂದರ ಮೇಲೆ ತಲೆಯಿಟ್ಟು, ಆ ಮನೆಯ ಕಿರಿಸೊಸೆ ಉಸಿರುಕಟ್ಟಿ ಸತ್ತು ಇವತ್ತಿಗೆ ನಾಲ್ಕು ದಿನ.

ಮೂರನೇ ಅಂತಸ್ತಿನ ಒಂಟಿ ಕೋಣೆ. ಗೋಡೆಗೊರಗಿದ ರೆಕ್ಸಿನ್ ಸುರುಳಿಗಳು, ಒಣಗಿ ಸಿಪ್ಪೆ ಎದ್ದ ಗೋಂದಿನ ಡಬ್ಬಿ, ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ಮೇಣ ಸವರಿದ ದಾರದ ಉಂಡೆಗಳು. ಗ್ರಂಥಾಲಯಗಳ ಹರಿದ ಪುಸ್ತಕಗಳಿಗೆಲ್ಲ ಅವಳು ಮತ್ತೆ ಬೆನ್ನುಮೂಳೆ ಕೂರಿಸಿ ಕಳಿಸುತ್ತಿದ್ದಳು. ಹಳೆಯ ಕಾಗದದ ದೂಳೇ ಅವಳ ಅನ್ನ, ಅವಳ ಅಸ್ತಮಾಕ್ಕೆ ಅದೇ ಶತ್ರು. ಸದಾ ಏಪ್ರನ್ ಜೇಬಿನಲ್ಲಿರುತ್ತಿದ್ದ ಇನ್ಹೇಲರ್, ಮನೆಯವರ ಬಾಯಲ್ಲಿ 'ಪಂಪು', ಹೆಣದ ಮೇಲೆ ಸಿಕ್ಕಿರಲಿಲ್ಲ. ಕೋಣೆಯಲ್ಲೂ ಇರಲಿಲ್ಲ. ಅವಳ ಫೋನು ಕೆಳಗಿನ ಕೋಣೆಯಲ್ಲಿ ಚಾರ್ಜಿಗಿತ್ತು.

ಇನ್‌ಸ್ಪೆಕ್ಟರಿಗೆ ಠಾಣೆಯಲ್ಲಿ 'ಸೂಜಿ' ಎಂದು ಅಡ್ಡಹೆಸರು. ಸಣ್ಣ ತೂತು ಸಿಕ್ಕರೆ ಸಾಕು ನುಗ್ಗುತ್ತಾಳೆ, ಹೊರಗೆ ಬರುವಾಗ ದಾರ ಎಳೆದುಕೊಂಡೇ ಬರುತ್ತಾಳೆ ಎಂದು ಪೇದೆಗಳು ಬೆನ್ನ ಹಿಂದೆ ನಗುತ್ತಿದ್ದರು. ಅವಳಿಗೂ ಅದು ಗೊತ್ತಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವಳು ಹೇಳಿಕೆಗಳಲ್ಲಿ ಅತಿ ಹೆಚ್ಚು ಸಲ ಬರೆದ ಪದ 'ಕೊಂದೆ' ಅಲ್ಲ, 'ನೋಡಿದೆ' ಅಲ್ಲ. 'ಕೇಳಿಸಲಿಲ್ಲ' ಎಂಬುದು. ಪಕ್ಕದ ಮನೆಯವರಿಗೆ ಕೇಳಿಸಲಿಲ್ಲ, ಮಗ್ಗುಲಲ್ಲಿ ಮಲಗಿದವರಿಗೆ ಕೇಳಿಸಲಿಲ್ಲ. ಈ ಮನೆಯದೂ ಅದೇ ರಾಗ. ಹಾಲ್‌ನಲ್ಲಿ ಬಟಾಣಿ ಸುಲಿಯುತ್ತಿದ್ದ ಅತ್ತೆಗೆ ಕೇಳಿಸಲಿಲ್ಲ. ಅಡುಗೆಮನೆಯಲ್ಲಿದ್ದ ಹಿರಿಸೊಸೆಗೆ ಕೇಳಿಸಲಿಲ್ಲ. "ಹಾಡು ಹಾಕಿತ್ತು ಮೇಡಂ, ಮನೆ ತುಂಬಾ."

ಹಾಡು ಹಾಕಿದ್ದು ನಿಜ. ಸತ್ತವಳ ಗಂಡ, ಕನ್ನಡಕದ ಅಂಗಡಿಯವನು, ಹೋದ ವರ್ಷ ಐದು ಕೋಣೆಗೂ ಒಂದೊಂದು ಸ್ಪೀಕರ್ ತಂದಿಟ್ಟಿದ್ದ. ತಂತಿಯಿಲ್ಲ, ಗುಂಡಿ ತಿರುಗಿಸುವ ರಗಳೆಯಿಲ್ಲ, ಬಾಯಲ್ಲಿ ಹೇಳಿದರೆ ಆಯಿತು. ಹಾಲ್‌ನಲ್ಲಿ ಶುರುವಾದ ಪಲ್ಲವಿ ಅಡುಗೆಮನೆಗೆ ಹೋಗುವಷ್ಟರಲ್ಲಿ ತುಂಡಾಗಬಾರದು ಎಂಬುದು ಅವನ ಆಸೆ. ಮನೆಯವರ ನಡುವೆ ಮಾತು ತುಂಡಾಗಿದ್ದದ್ದು ಅವನ ಗಮನಕ್ಕೆ ಬಂದಿರಲಿಲ್ಲ.

ಸ್ಪೀಕರಿನವನು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ.

"ಭಾನುವಾರ, ಮೂರು ಗಂಟೆ. ಅಜ್ಜಿ ಹಾಲ್‌ನಿಂದ ಹಾಡು ಹಾಕಿಸಿದ್ದಾರೆ, ಐದೂ ಕೋಣೆಗೆ. ಮೂರು ನಲವತ್ತೆರಡಕ್ಕೆ ಈ ಕೋಣೆಯಿಂದ ಒಂದು ಮಾತು. 'ಎಲ್ಲರಿಗೂ ಹೇಳು.'"

"ಅಂದ್ರೆ?"

"ಹಾಗಂದು ಆಮೇಲೆ ಏನು ಹೇಳಿದ್ರೂ ಮನೆಯ ಎಲ್ಲಾ ಸ್ಪೀಕರಿನಲ್ಲೂ ಕೇಳುತ್ತೆ. ಹಾಡು ತಾನಾಗೇ ತಗ್ಗುತ್ತೆ, ಮಾತು ಬರುತ್ತೆ, ಆಮೇಲೆ ಹಾಡು ಮತ್ತೆ ಏಳುತ್ತೆ. ಊಟಕ್ಕೆ ಕರೆಯೋದಕ್ಕೆ ಮೂರು ಅಂತಸ್ತು ಹತ್ತಿಳಿಯೋದು ತಪ್ಪಲಿ ಅಂತ..." ಅವನು ಅರ್ಧಕ್ಕೆ ನಿಲ್ಲಿಸಿದ. ಈ ಸವಲತ್ತನ್ನು ಹೊಗಳಿಯೇ ಅವನು ಐದು ಡಬ್ಬಿ ಮಾರಿದ್ದ.

"ಹಾಕಿ."

ಮೊದಲು ಬಂದದ್ದು ಮಾತಲ್ಲ. ತೂತುಬಿದ್ದ ತಿದಿಯಿಂದ ಗಾಳಿ ಎಳೆದಂಥ ಸದ್ದು. ಆಮೇಲೆ ಹೆಣ್ಣುದನಿ, ಒಂದೊಂದು ಪದಕ್ಕೂ ಒಂದೊಂದು ಉಸಿರು ತೆತ್ತು.

"ನನ್ನ ಪಂಪು... ಸಿಗ್ತಿಲ್ಲ. ಬಾಗಿಲು ಹೊರಗಿಂದ ಹಾಕಿದೆ. ಯಾರಾದ್ರೂ... ಬನ್ನಿ."

ಇನ್‌ಸ್ಪೆಕ್ಟರ್ ಬಾಗಿಲ ಕಡೆ ನೋಡಿದಳು. ಐದು ಗಂಟೆಗೆ ಟೀ ಕೊಡಲು ಹತ್ತಿ ಬಂದಾಗ ಬಾಗಿಲು ತೆರೆದೇ ಇತ್ತು ಎಂದು ಹಿರಿಸೊಸೆ ಹೇಳಿಕೆ ಕೊಟ್ಟಿದ್ದಳು. ಹೊರಗಿನ ಚಿಲಕಕ್ಕೆ ಹೊಸದಾಗಿ ಎಣ್ಣೆ ಬಿಟ್ಟಿತ್ತು.

"ಮೂರು ನಲವತ್ನಾಲ್ಕಕ್ಕೆ ಇನ್ನೊಂದು ಸಲ," ಎಂದ ಸ್ಪೀಕರಿನವನು. "ಅದೇ ಮಾತು. ಮೂರು ನಲವತ್ತೇಳಕ್ಕೆ ಬರೀ 'ಯಾರಾದ್ರೂ' ಅಂತ."

"ಈ ಮಾತು ಹಾಲ್‌ನಲ್ಲಿ ಕೇಳಿಸಿರುತ್ತಾ?"

"ಮೊದಲೆರಡು ಕೇಳಿಸಿದೆ. ಹಾಡಿಗಿಂತ ಜೋರಾಗೇ ಕೇಳಿಸಿದೆ." ಅವನು ಪರದೆಯ ಕೆಳಸಾಲಿಗೆ ಬೆರಳಿಟ್ಟ. "ಕೇಳಿಸಿದ್ದಕ್ಕೆ ಸಾಕ್ಷಿನೂ ಇದೆ. ಮೊದಲನೇ ಕರೆ ಮುಗಿದು ಇಪ್ಪತ್ತು ಸೆಕೆಂಡಿಗೆ ಅಡುಗೆಮನೆ ಸ್ಪೀಕರಿಗೆ ಕರೆ ಬಾರದ ಹಾಗೆ ಮಾಡಿದ್ದಾರೆ. ಎರಡನೇದು ಆದ್ಮೇಲೆ ಹಾಲ್‌ನದು. ಎರಡೂ ಕೈಯಿಂದ. ಡಬ್ಬಿ ನೆತ್ತಿ ಮೇಲೆ ಬೆರಳಿಟ್ಟು ಒತ್ತಿರೋದು. ಆಮೇಲೆ ಬರೀ ಹಾಡು ಬರುತ್ತೆ."

"ಉಳಿದೆರಡು ಕೋಣೆ?"

"ಗಂಡಹೆಂಡ್ತಿ ಕೋಣೆ, ಹುಡುಗಿ ಕೋಣೆ. ಅಲ್ಲಿ ಯಾರೂ ಮುಟ್ಟಿಲ್ಲ."

ಯಾರೂ ಇರಲಿಲ್ಲವಲ್ಲ. ಗಂಡ ಆ ಹೊತ್ತಿಗೆ ಅಂಗಡಿಯಲ್ಲಿದ್ದ. ಒಬ್ಬ ಮುದುಕನ ಮೂಗಿನ ಮೇಲೆ ಮಸೂರ ಬದಲಿಸುತ್ತಾ ನಿಂತಿದ್ದು ಕ್ಯಾಮೆರಾದಲ್ಲಿ ಸ್ಪಷ್ಟವಾಗಿತ್ತು. ಹುಡುಗಿ ಎಂದರೆ ಹಿರಿಸೊಸೆಯ ಮಗಳು, ಕಾಲೇಜು ಓದುವವಳು. ಹಾಸ್ಟೆಲ್‌ನಲ್ಲಿದ್ದವಳು ಸುದ್ದಿ ತಿಳಿದು ಸೋಮವಾರ ಬಂದಳಂತೆ. ಬಂದಾಗಿನಿಂದ ಜ್ವರ, ಹಾಸಿಗೆ ಬಿಟ್ಟಿಲ್ಲ.

"ಮೂರು ನಲವತ್ತೆಂಟಕ್ಕೆ ಇದಕ್ಕೊಂದು ಉತ್ತರ ಬಂದಿದೆ ಮೇಡಂ. ಹಾಲ್‌ನಿಂದ, ಈ ಕೋಣೆಗೆ ಮಾತ್ರ."

ಉತ್ತರ ಕೇಳಿ ಇನ್‌ಸ್ಪೆಕ್ಟರ ಬೆನ್ನು ನೆಟ್ಟಗಾಯಿತು. ಗಂಡಸಿನ ದನಿ, ಮೆತ್ತಗೆ, ಅಕ್ಕರೆಯಿಂದ. "ಬರ್ತಾ ಇದ್ದೀನಿ. ನೀನು ಮಾತಾಡ್ಬೇಡ, ಯಾರನ್ನೂ ಕೂಗ್ಬೇಡ. ಉಸಿರು ಉಳಿಸ್ಕೋ. ಇನ್ನೇನು ಬಂದೆ."

ನಾಲ್ಕು ದಿನದಿಂದ ಕೇಳುತ್ತಿರುವ ದನಿ. ಕನ್ನಡಕದವನದು. ಆಳು ಅಂಗಡಿಯಲ್ಲಿ, ಗಂಟಲು ಹಾಲ್‌ನಲ್ಲಿ!

"ಆಮೇಲೆ?"

"ಆಮೇಲೆ ಏಳು ನಿಮಿಷ ಏನೂ ಇಲ್ಲ."

ಏಳು ನಿಮಿಷ. ಗಂಡ ಬರುತ್ತಾನೆಂದು ನಂಬಿ, ಅವನು ಹೇಳಿದಂತೆ ಬಾಯಿಮುಚ್ಚಿಕೊಂಡು, ಈ ಕುರ್ಚಿಯಲ್ಲಿ ಅವಳು ಏಳು ನಿಮಿಷ ಕಾದಿದ್ದಳು. ಇನ್‌ಸ್ಪೆಕ್ಟರ್ ಕುರ್ಚಿಯಿಂದ ಕಣ್ಣು ಕಿತ್ತಳು.

"ಮೂರು ಐವತ್ತೈದಕ್ಕೆ ಕೊನೇದೊಂದಿದೆ," ಎಂದು ಸ್ಪೀಕರಿನವನು ಹೆಡ್‌ಫೋನ್ ಮುಂದೆ ಹಿಡಿದ. "ಇದನ್ನ ನೀವೊಬ್ರೇ ಕೇಳಿ."

ಅವಳು ಎರಡು ಸಲ ಕೇಳಿದಳು. ತನ್ನ ನೋಟುಪುಸ್ತಕದಲ್ಲಿ ಒಂದೇ ಒಂದು ಪದ ಬರೆದುಕೊಂಡಳು. "ಐದೂ ಡಬ್ಬಿಗಳ ಆ ಒಂದು ಗಂಟೆಯ ದಿನಚರಿ ನನಗೆ ಕಾಗದದ ಮೇಲೆ ಬೇಕು," ಎಂದಳು. ಅವನು ಬರೆದುಕೊಟ್ಟ ಹಾಳೆ ಮಡಿಸಿ, ದನಿಗಳನ್ನು ತನ್ನ ಫೋನಿಗೆ ಹಾಕಿಸಿಕೊಂಡು ಮೆಟ್ಟಿಲಿಳಿದಳು.

*

ಹಾಲ್‌ನಲ್ಲಿ ಮೂವರೂ ಮೂರು ದಿಕ್ಕಿಗೆ ಕೂತಿದ್ದರು. ಅತ್ತೆ ಸೋಫಾದ ತುದಿಯಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು. ಹಿರಿಸೊಸೆ ಅಡುಗೆಮನೆಯ ಬಾಗಿಲ ಪಕ್ಕದ ಸ್ಟೂಲಿನ ಮೇಲೆ. ಹಿರಿಮಗ ತೀರಿಹೋಗಿ ಆರು ವರ್ಷವಾಗಿತ್ತು. ಅಂದಿನಿಂದ ಅವಳು ಆ ಮನೆಯಲ್ಲಿ ಕುರ್ಚಿಯಲ್ಲಿ ಕೂತದ್ದನ್ನು ಯಾರೂ ನೋಡಿರಲಿಲ್ಲ. ಕನ್ನಡಕದವನು ಕಿಟಕಿಯ ಬಳಿ, ತನ್ನ ಕನ್ನಡಕವನ್ನೇ ಒರೆಸಿ ಒರೆಸಿ ಹಾಕಿಕೊಳ್ಳುತ್ತಿದ್ದ. ಮಹಿಳಾ ಪೇದೆ ಬಾಗಿಲಲ್ಲಿ ನಿಂತಳು.

ಇನ್‌ಸ್ಪೆಕ್ಟರ್ ಪೀಠಿಕೆ ಹಾಕಲಿಲ್ಲ. ಫೋನು ಮೇಜಿನ ಮೇಲಿಟ್ಟು ಆ ಉತ್ತರ ಕೇಳಿಸಿದಳು.

"ಬರ್ತಾ ಇದ್ದೀನಿ. ನೀನು ಮಾತಾಡ್ಬೇಡ, ಯಾರನ್ನೂ ಕೂಗ್ಬೇಡ..."

ಕನ್ನಡಕದವನ ಕೈಯಿಂದ ಕನ್ನಡಕ ಜಾರಿ ನೆಲಕ್ಕೆ ಬಿತ್ತು.

"ಇದು ನಂದು. ಆದ್ರೆ ಮೊನ್ನೇದಲ್ಲ! ಹೋದ ತಿಂಗಳು ಅವಳಿಗೆ ಉಬ್ಬಸ ಜಾಸ್ತಿ ಆಗಿತ್ತು. ಅವಳ ಫೋನ್ ಆಫ್ ಆಗಿತ್ತು ಅಂತ ಇದನ್ನ ರೆಕಾರ್ಡ್ ಮಾಡಿ ಅಮ್ಮನ ಫೋನಿಗೆ ಕಳಿಸಿದ್ದೆ, ಅವಳಿಗೆ ಕೇಳಿಸು ಅಂತ. ಆವತ್ತು ಬಂದಿದ್ದೆ ಮೇಡಂ. ಅಂಗಡಿ ಬಾಗಿಲು ತೆಗೆದೇ ಬಿಟ್ಟು ಓಡಿ ಬಂದಿದ್ದೆ." ಅವನು ತಾಯಿಯ ಕಡೆ ತಿರುಗಿದ. "ಅಮ್ಮಾ?"

ಅತ್ತೆ ಮೇಜಿನ ಮೇಲಿನ ಫೋನಿನತ್ತ ನೋಡಿದಳು.

"ಅಮ್ಮಾ, ನೀನು ನನ್ನ ದನಿ ಹಾಕಿದ್ಯಾ?"

"ಹಾಕ್ದೆ, ಫೋನ್ ಡಬ್ಬಿ ಹತ್ರ ಹಿಡಿದು," ಎಂದಳು ಅತ್ತೆ. ದನಿಯಲ್ಲಿ ನಡುಕವೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ, ನಾಲ್ಕು ದಿನ ಹೊತ್ತ ಮೂಟೆ ಇಳಿಸಿದ ಆಯಾಸ ಮಾತ್ರ. "ಹೋದ ಸಲ ನಿನ್ನ ದನಿ ಕೇಳಿದ ತಕ್ಷಣ ಸುಮ್ಮನಾಗಿದ್ಲು. ಈ ಸಲಾನೂ ಸುಮ್ಮನಾಗ್ಲಿ ಅಂತ."

"ಬಾಗಿಲು ಹೊರಗಿಂದ ಹಾಕಿದೆ ಅಂದಿದ್ದು ನಿಮಗೆ ಕೇಳಿಸಿತು," ಎಂದಳು ಇನ್‌ಸ್ಪೆಕ್ಟರ್.

"ಕೇಳಿಸಿತು."

"ಹೋಗಲಿಲ್ಲ."

"ಮಂಡಿನೋವು ಮೇಡಂ ನನಗೆ, ಐವತ್ತು ಮೆಟ್ಟಿಲು. ಅಡುಗೆಮನೇಲಿ ಇವಳಿದ್ದಾಳಲ್ಲ, ಹೋಗ್ತಾಳೆ ಅಂದ್ಕೊಂಡೆ." ಅತ್ತೆ ಗಲ್ಲ ಎತ್ತಿದಳು. "ಅವಳು ಅತ್ತೇ ಅಂತ ಕರೆದಿದ್ರೆ ಹೋಗ್ತಿದ್ದೆ. ತೆವಳಿಕೊಂಡಾದ್ರೂ ಹೋಗ್ತಿದ್ದೆ. ಯಾರಾದ್ರೂ ಬನ್ನಿ ಅಂದ್ಲು. ಮದುವೆಯಾಗಿ ಒಂಬತ್ತು ವರ್ಷ, ನಾನು ಅವಳಿಗೆ ಯಾರಾದ್ರೂ!"



ಇನ್‌ಸ್ಪೆಕ್ಟರ್ ಸ್ಟೂಲಿನ ಕಡೆ ತಿರುಗಿದಳು. "ನೀವು?"

"ನಾನು ಅವರಿಗಿಂತ ಮೊದಲು ಒತ್ತಿದೆ," ಎಂದಳು ಹಿರಿಸೊಸೆ. "ದಿನಕ್ಕೆ ಹತ್ತು ಸಲ ಕರೀತಿದ್ಲು. ಅಕ್ಕಾ ನೀರು, ಅಕ್ಕಾ ಕೊರಿಯರ್‌ನವನು ಬಂದ, ಅಕ್ಕಾ ಗೋಂದು ಕಾಯಿಸಿ ಕಳಿಸಿ. ಅವಳಿಗೆ ಬಾಯಿ, ನನಗೆ ಕಾಲು. ಆವತ್ತು ಅವಳ ದನಿ ಶುರುವಾಗ್ತಿದ್ದ ಹಾಗೇ ಮೈ ಉರೀತು. ಪೂರ್ತಿ ಕೇಳಿಸ್ಕೊಳ್ಳಲೇ ಇಲ್ಲ."

"ಒತ್ತಿದ್ದು ಮಾತು ಮುಗಿದ ಮೇಲೆ. ಇಪ್ಪತ್ತು ಸೆಕೆಂಡ್ ಆದ ಮೇಲೆ."

ಹಿರಿಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೂಂ. ಕೇಳಿಸ್ಕೊಂಡೇ ಒತ್ತಿದೆ. ಇಪ್ಪತ್ತು ಸೆಕೆಂಡ್ ಯೋಚನೆ ಮಾಡಿದೆ, ಆಮೇಲೆ ಒತ್ತಿದೆ. ಸಾಕಾ? ನನ್ನ ಹತ್ರ ಅಂತ ಈ ಮನೇಲಿ ಇದ್ದದ್ದು ಒಂದೇ, ನನ್ನ ಮಗಳು. ರಜೆಗೆ ಬಂದ್ರೆ ಅವಳು ನನ್ನ ಹತ್ರ ಕೂರ್ತಿರಲಿಲ್ಲ. ಚಿಕ್ಕಮ್ಮ ಚಿಕ್ಕಮ್ಮ ಅಂತ ಮೂರನೇ ಅಂತಸ್ತಿನಲ್ಲೇ ಬಿಡಾರ. ಓದು ಬಿಟ್ಟು ಬೈಂಡಿಂಗ್ ಕಲೀತೀನಿ ಅಂದ್ಲು. ಅದನ್ನೂ ಅವಳೇ ಕಿತ್ಕೊಂಡ್ಲು."

ಮೂರು ಕಿವಿಯಿದ್ದ ಮನೆ ಇದು. ಒಂದು ಮನೆಯಲ್ಲಿರಲಿಲ್ಲ, ಇನ್ನೆರಡು ಇದ್ದೂ ಇಲ್ಲವಾಗಿದ್ದವು. ಇದಕ್ಕೆ ಯಾವ ಕಲಂ ಹಚ್ಚುವುದು ಎಂದು ಇನ್‌ಸ್ಪೆಕ್ಟರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಚಿಲಕ ಹಾಕಿದ ಕೈ, ಮತ್ತೆ ತೆಗೆದ ಕೈ ಇನ್ನೂ ಸಿಕ್ಕಿರಲಿಲ್ಲ.

"ಕೊನೇದು ಒಂದು ಇದೆ," ಎಂದಳು. "ಗಮನ ಕೊಟ್ಟು ಕೇಳಿ. ಈ ಸಲ ಒತ್ತೋದಕ್ಕೆ ಗುಂಡಿ ಇಲ್ಲ."

ಫೋನಿನಿಂದ ಅದೇ ಹರಿದ ಉಸಿರು. "ಎಲ್ಲರಿಗೂ..." ಅಷ್ಟರಲ್ಲಿ ಚಿಲಕ ಸರಿದ ಸದ್ದು. ಬಾಗಿಲು. ಬರಿಗಾಲಿನ ಎರಡು ಹೆಜ್ಜೆ. ಆಮೇಲೆ ಸತ್ತವಳ ದನಿ, ನಂಬಲಾರದಷ್ಟು ಹಗುರಾಗಿ.

"ನೀನಾ? ಅಬ್ಬಾ... ಕೊಡೇ ಇಲ್ಲಿ."

ಅಲ್ಲಿಗೆ ಮುಗಿಯಿತು.

"ಕೊಡೇ," ಎಂದಳು ಇನ್‌ಸ್ಪೆಕ್ಟರ್. "ಬಂದವರ ಕೈಯಲ್ಲಿ ಪಂಪು ಇತ್ತು. ಕೊಡು ಅನ್ನಲಿಲ್ಲ, ಕೊಡಿ ಅನ್ನಲಿಲ್ಲ, ಕೊಡೋ ಅನ್ನಲಿಲ್ಲ. ನಿಮ್ಮ ಹೆಂಡತಿ ಈ ಮನೇಲಿ ಯಾರನ್ನ ಹೀಗೆ ಕರೀತಿದ್ರು?"

ಕನ್ನಡಕದವನು ಬರಿಗಣ್ಣಲ್ಲಿ ಮಿಟುಕಿಸಿದ. "ನನಗೇ ನೀವು ಅಂತಿದ್ಲು. ಅಮ್ಮನಿಗೆ ನೀವು, ಅತ್ತಿಗೆಗೂ ನೀವು. ಏ ಅಂತ ಅವಳು ಯಾರನ್ನೂ..." ಅವನ ಮಾತು ನಿಂತಿತು. ಕಣ್ಣು ತಾನಾಗಿಯೇ ಮೆಟ್ಟಿಲ ಕಡೆ ಹೋಯಿತು. ಹೋದ ಕಣ್ಣನ್ನು ಅವನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ತಡವಾಗಿತ್ತು.

"ಭಾನುವಾರ ಮಧ್ಯಾಹ್ನ ನಿಮ್ಮ ಮಗಳು ಎಲ್ಲಿದ್ಲು?" ಇನ್‌ಸ್ಪೆಕ್ಟರ್ ಹಿರಿಸೊಸೆಯನ್ನು ಕೇಳಿದಳು.

"ಹಾಸ್ಟೆಲ್‌ನಲ್ಲಿ," ಎಂದಳು ಹಿರಿಸೊಸೆ.

"ಮೇಲೆ ಮಲಗಿದ್ಲು," ಎಂದಳು ಅತ್ತೆ.

ಎರಡು ಉತ್ತರವೂ ಒಂದೇ ಉಸಿರಿಗೆ ಬಂದವು. ಅತ್ತೆಯ ಹೇಳಿಕೆಯಲ್ಲೂ ಸೋಮವಾರ ಬಂದಳೆಂದೇ ಇತ್ತು. ಸೊಸೆ ಹೇಳಿಕೊಟ್ಟದ್ದನ್ನು ಮುದುಕಿ ನಾಲ್ಕು ದಿನ ಬಾಯಲ್ಲಿ ಹಿಡಿದಿದ್ದಳು, ಐದನೆಯ ದಿನಕ್ಕೆ ಉಳಿಯಲಿಲ್ಲ.

ಇನ್‌ಸ್ಪೆಕ್ಟರ್ ಪೇದೆಗೆ ಕಣ್ಣಿನಲ್ಲೇ ಹೇಳಿದಳು. ಪೇದೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದಳು.

ಹಿರಿಸೊಸೆ ಸ್ಟೂಲಿನಿಂದ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಬಾಕಿಯಿರುವ ಕೆಲಸ ಮುಗಿಸಲು ಹೊರಟವಳ ಹಾಗೆ.

"ಬರ್ಕೊಳ್ಳಿ ಮೇಡಂ. ಚಿಲಕ ಹಾಕಿದ್ದು ನಾನು. ಪಂಪು ತೆಗೆದಿದ್ದೂ ನಾನು. ಮತ್ತೆ ಮೇಲೆ ಹೋಗಿದ್ದೂ ನಾನೇ."

"ಅವರು ನಿಮಗೆ ನೀವು ಅಂತಿದ್ರು."

"ಸಾಯೋ ಹೊತ್ತಲ್ಲಿ ಯಾರಿಗೆ ನೀನು ನೀವು ನೆನಪಿರುತ್ತೆ?"

ಇನ್‌ಸ್ಪೆಕ್ಟರ್ ಮಡಿಸಿದ್ದ ಕಾಗದ ಬಿಚ್ಚಿ ಅವಳ ಮುಂದೆ ಹಿಡಿದಳು. ಒಂದು ಸಾಲಿನ ಕೆಳಗೆ ಉಗುರೆಳೆದಳು. ಮೂರು ಐವತ್ತೈದು, ಅಡುಗೆಮನೆ, ಹಿರಿಸೊಸೆಯ ದನಿ: 'ಹಾಲಿಗೆ ಐದು ನಿಮಿಷ ಇಡು.' ಸ್ಪೀಕರಿಗೆ ಹೊತ್ತು ನೋಡಿಕೊಳ್ಳಲು ಹೇಳಿದ ಮಾತು.

"ಮೇಲೆ ಬಾಗಿಲು ತೆಗೆದಾಗ ನೀವು ಇಲ್ಲಿ ಹಾಲು ಕಾಯಿಸ್ತಿದ್ರಿ. ಇದು ನಿಮ್ಮ ಪರವಾಗಿ ಸಾಕ್ಷಿ ಹೇಳ್ತಿದೆ."

ತನ್ನನ್ನು ಉಳಿಸುವ ಸಾಲನ್ನು ಹಿರಿಸೊಸೆ ಹಾವನ್ನು ನೋಡುವಂತೆ ನೋಡಿದಳು. ಆಮೇಲೆ ಅವಳ ಮೊಂಡು ಮುಖ ಮೊದಲ ಸಲ ಕುಸಿಯಿತು.

"ಅದೊಂದು ಸಾಲು ಹರಿದು ಬಿಡಿ. ನಿಮ್ಮ ಕಾಲಿಗೆ ಬೀಳ್ತೀನಿ. ಹತ್ತೊಂಬತ್ತು ವರ್ಷ ಅವಳಿಗೆ. ಈ ಮನೇಲಿ ಯಾರ ಮಾತೂ ಯಾರಿಗೂ ಕೇಳಿಸಲ್ಲ. ಇದೊಂದು ನಿಮಗೂ ಕೇಳಿಸಲಿಲ್ಲ ಅಂದ್ಕೊಳ್ಳಿ."

"ಅವಳು ಏನು ಮಾಡಿದ್ಲು? ಅದು ನಿಮಗೆ ಗೊತ್ತಾ?"

"ಗೊತ್ತಿಲ್ಲ! ಸಂಜೆ ನಾನು ಟೀ ತಗೊಂಡು ಹೋದಾಗ ಸತ್ತವಳ ಕಾಲ ಹತ್ರ ಕೂತಿದ್ಲು. ಪಂಪು ಮುಷ್ಟೀಲಿತ್ತು. ಬೆರಳು ಬಿಡಿಸೋದಕ್ಕೆ ಆಗಲಿಲ್ಲ ನನಗೆ. ಚಿಲಕ ನೀನೇ ಹಾಕಿದ್ಯಾ, ಇಲ್ಲ ತೆಗೆಯೋದಕ್ಕೆ ಬಂದ್ಯಾ ಅಂತ ನಾಲ್ಕು ದಿನದಿಂದ ಕೇಳ್ತಿದ್ದೀನಿ. ಬಾಯಿ ಬಿಡ್ತಿಲ್ಲ."

"ಮೇಡಂ!" ಮೇಲಿನಿಂದ ಪೇದೆಯ ಕೂಗು. "ರೂಮು ಒಳಗಿಂದ ಹಾಕಿದೆ! ಎಷ್ಟು ಬಡಿದ್ರೂ ತೆಗೀತಿಲ್ಲ. ಓಗೊಡ್ತಾನೂ ಇಲ್ಲ!"

ಇನ್‌ಸ್ಪೆಕ್ಟರ್ ಮೆಟ್ಟಿಲ ಬುಡ ಮುಟ್ಟುವಷ್ಟರಲ್ಲಿ ಹಿರಿಸೊಸೆ ಅವಳನ್ನು ದಾಟಿ ಅರ್ಧ ಹತ್ತಿಯಾಗಿತ್ತು. ಹಿಂದೆ ಕನ್ನಡಕದವನು, ದಾರಿ ಕಾಣದೆ ಗೋಡೆ ತಡವುತ್ತಾ. ಅವನ ಹಿಂದೆ ಅತ್ತೆ, ಕಟಾಂಜನ ಹಿಡಿದು, ಒಂದೊಂದು ಮೆಟ್ಟಿಲಿಗೂ ನರಳುತ್ತಾ.

ತಾಯಿ ಎರಡೂ ಅಂಗೈಯಿಂದ ಬಾಗಿಲು ಗುದ್ದುತ್ತಿದ್ದಳು. ಇನ್‌ಸ್ಪೆಕ್ಟರ್ ಅವಳನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಕಿವಿಯಿಟ್ಟಳು.

ಒಳಗೆ ಬಚ್ಚಲ ನಲ್ಲಿಯಿಂದ ನೀರು ಸುರಿಯುತ್ತಿತ್ತು. ಬಾಗಿಲ ಸಂದಿಯಿಂದ ತೆಳ್ಳಗೆ ಹರಿದು ಬಂದು ಅವಳ ಬೂಟಿನ ಸುತ್ತ ನಿಲ್ಲತೊಡಗಿತು.